ಕಾರಿನ ತಗಡಿಗೆ ಯಾವ ವೆಲ್ಡಿಂಗ್ ಮಷೀನು? ಎರಡು ಕೊಂಡವನ ಅನುಭವ

ಅಪ್ಪನ ಹಳೇ ಕಾರಿನ ಮ್ಯಾಟ್ ಎತ್ತಿದರೆ ಕೆಳಗೆ ಶೆಡ್ಡಿನ ಸಿಮೆಂಟು ಕಾಣಿಸಿತು. ತುಕ್ಕು ತಿಂದದ್ದನ್ನು ಕತ್ತರಿಸಿ ಹೊಸ ತುಂಡು ಕೂರಿಸುವ ಕೆಲಸ ನಾನೇ ಮಾಡುತ್ತೇನೆಂದು ಹೊರಟೆ. ಮೊದಲು ಕೊಂಡದ್ದು ಹೆಗಲಿಗೆ ನೇತುಹಾಕಿಕೊಳ್ಳಬಹುದಾದ ರಾಡ್ ವೆಲ್ಡಿಂಗ್ ಇನ್ವರ್ಟರು. ಮೈಮೇಲೆ ದಪ್ಪಕ್ಷರದಲ್ಲಿ 200 ಆಂಪ್ ಅಂತ ಬರೆದಿತ್ತು, ಅದಕ್ಕೇ ಮರುಳಾದೆ.

ದಪ್ಪ ಕಬ್ಬಿಣಕ್ಕೆ ಅದು ಒಳ್ಳೆಯ ಮಷೀನೇ. 3 ಮಿ.ಮೀ. ಪಟ್ಟಿಗೆ 2.5 ಮಿ.ಮೀ. ರಾಡು ಹಾಕಿ 80 ಆಂಪ್ ಇಟ್ಟರೆ ಹೊಸಬನ ಕೈಯಲ್ಲೂ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಕಾರಿನ ತಗಡು 1 ಮಿ.ಮೀ. ಆಸುಪಾಸು, ತುಕ್ಕು ಹಿಡಿದ ಅಂಚಿನಲ್ಲಿ ಅಷ್ಟೂ ಇರಲಿಲ್ಲ. ರಾಡು ತಾಗಿಸಿದರೆ ತೂತು, ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡ ತೂತು. ಸಂಜೆಯ ಹೊತ್ತಿಗೆ ನಾನು ಕತ್ತರಿಸಿದ್ದಕ್ಕಿಂತ ಸುಟ್ಟದ್ದೇ ಹೆಚ್ಚಾಗಿತ್ತು.

ಎರಡನೆಯದು ಗ್ಯಾಸ್ ಇದ್ದೂ ಇಲ್ಲದೆಯೂ ನಡೆಯುವ ಸಣ್ಣ ಮಿಗ್, ಅಂದರೆ ರಾಡಿನ ಬದಲು ಗನ್ನಿನ ತುದಿಯಿಂದ ತಂತಿ ತಾನಾಗಿ ಬರುತ್ತಾ ಕರಗುವ ಮಷೀನು. ಈ ಸಲ ನೋಡಿದ್ದು ಎಷ್ಟು ಮೇಲೆ ಹೋಗುತ್ತದೆ ಅಂತಲ್ಲ, ಎಷ್ಟು ಕೆಳಗೆ ಇಳಿಯುತ್ತದೆ ಅಂತ: 30 ಆಂಪ್‌. ಸಿಲಿಂಡರಿನ ಖರ್ಚು ಯಾಕೆ ಎಂದು ಮೊದಲು ಫ್ಲಕ್ಸ್ (ಉರಿದು ಗ್ಯಾಸಿನ ಬದಲು ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ ತಂತಿ ಹಾಕಿದೆ. ಬರೀ ಕಿಡಿ, ಹೊಗೆ, ಗುಳ್ಳೆ. ಆ ತಂತಿಗೆ ಗನ್ನು ಮೈನಸ್‌ಗೆ ಹೋಗಬೇಕು, ಗ್ಯಾಸಿನ ಜೊತೆ ಬಳಸುವ ಗಟ್ಟಿ ತಂತಿಗೆ ಪ್ಲಸ್‌ಗೆ. ಮುಚ್ಚಳದೊಳಗಿನ ಎರಡು ನಟ್ಟು ಬಿಚ್ಚಿ ಅದಲು ಬದಲು ಮಾಡುವುದನ್ನು ಮರೆತಿದ್ದೆ. ಸರಿಮಾಡಿದ ಮೇಲೆ ಪರವಾಗಿಲ್ಲ ಅನ್ನಿಸಿತು, ಆದರೂ ತೆಳು ಅಂಚು ಕರಗುವುದು ನಿಲ್ಲಲಿಲ್ಲ.

ಕೊನೆಗೆ ಸಿಲಿಂಡರ್ ತಂದೆ. 75 ಭಾಗ ಆರ್ಗಾನ್, 25 ಭಾಗ ಕಾರ್ಬನ್ ಡೈಆಕ್ಸೈಡ್. ಜೊತೆಗೆ 0.6 ಮಿ.ಮೀ. ತಂತಿ, ಗೇಜಿನಲ್ಲಿ ನಿಮಿಷಕ್ಕೆ 10 ಲೀಟರ್. ಅದೇ ಮಷೀನು, ಅದೇ ಕೈ, ಆದರೆ ತಗಡು ನಿಂತಿತು! ಉದ್ದಕ್ಕೆ ಎಳೆಯಬಾರದು. ಒಂದು ಚುಕ್ಕೆ ಇಟ್ಟು, ಗೇಣು ದೂರ ಹೋಗಿ ಇನ್ನೊಂದು ಚುಕ್ಕೆ, ಮೊದಲನೆಯದು ತಣ್ಣಗಾದ ಮೇಲೆ ಅದರ ಪಕ್ಕಕ್ಕೆ ವಾಪಸ್ಸು. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ತೂತು ಬೀಳುವ ಭಯ ಅರ್ಧ ಕಮ್ಮಿ. ಅಂಗೈಯಗಲದ ತೇಪೆಗೆ ಅರ್ಧ ದಿನ ಹೋಯಿತು. ಸೆಖೆಗೆ ಶೆಡ್ಡಿನ ಬಾಗಿಲು ತೆರೆದಿಟ್ಟ ದಿನ ಮಾತ್ರ ಗಾಳಿಗೆ ಗ್ಯಾಸ್ ಹಾರಿಹೋಗಿ ಬೆಸುಗೆಯೆಲ್ಲ ಸ್ಪಂಜು.

ಮಷೀನಿನ ಮೇಲೆ ದೂರುಗಳೂ ಇವೆ. ತಂತಿಯನ್ನು ಮುಂದೆ ತಳ್ಳುವ ಒಳಗಿನ ರೋಲರಿನಲ್ಲಿ 0.6ರ ತಂತಿ ಕೂರುವ ತೋಡು ಇರಲಿಲ್ಲ, ತಂತಿ ಜಾರಿ ಸಿಕ್ಕಾಯಿತು. ಬೇರೆ ರೋಲರ್ ಹಾಕಬೇಕಾಯಿತು. ಅರ್ಥ್ ಕ್ಲ್ಯಾಂಪಂತೂ ಬಟ್ಟೆಗೆ ಹಾಕುವ ಕ್ಲಿಪ್ಪಿನಷ್ಟೇ ಗಟ್ಟಿ. 10 ನಿಮಿಷದಲ್ಲಿ ಎಷ್ಟು ನಿಮಿಷ ಸುಡಬಹುದು ಎಂಬ ಡ್ಯೂಟಿ ಸೈಕಲ್ ಕಮ್ಮಿಯೇ, ಆದರೆ ಚುಕ್ಕೆ ಇಡುವ ಕೆಲಸಕ್ಕೆ ಅದು ಅಡ್ಡಬರಲೇ ಇಲ್ಲ.

ಗೆಳೆಯನ ಟಿಗ್ ಮಷೀನನ್ನೂ (ಒಂದು ಕೈಯಲ್ಲಿ ಕರಗದ ಟಂಗ್‌ಸ್ಟನ್ ಮೊನೆಯ ಟಾರ್ಚು, ಇನ್ನೊಂದರಲ್ಲಿ ಬೆಸುಗೆ ಕಡ್ಡಿ) ಒಂದು ಭಾನುವಾರ ಬಳಸಿ ನೋಡಿದೆ. ಬೆಸುಗೆ ನೋಡಲು ಚೆಂದ. ಆದರೆ ಎರಡೂ ಕೈ ಬೇಕು, ಲೋಹ ಫಳಫಳ ಹೊಳೆಯಬೇಕು, ನಿಧಾನ ಬೇರೆ. ಕಾರಿನಡಿ ಅಂಗಾತ ಮಲಗಿ ಮಾಡುವ ಕೆಲಸವಲ್ಲ. ಅಲ್ಯೂಮಿನಿಯಂ ಭಾಗಗಳಿದ್ದರೆ ಎಸಿ ಇರುವ ಟಿಗ್ ನೋಡಿ, ಬರೀ ಡಿಸಿ ಇದ್ದರೆ ಅದಕ್ಕಾಗುವುದಿಲ್ಲ.

ಹಚ್ಚುವ ಮುಂಚೆ ಬ್ಯಾಟರಿ ಬಿಚ್ಚಿಡಿ, ಪೆಟ್ರೋಲ್ ಪೈಪು ಎಲ್ಲಿ ಹಾದಿದೆ ನೋಡಿ. ಜಿಂಕ್ ಲೇಪನ ಉಜ್ಜಿ ತೆಗೆಯಿರಿ, ಅದರ ಹೊಗೆ ಜ್ವರ ಬರಿಸುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿ ವೆಲ್ಡ್ ಮಾಡಬೇಡಿ, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ರಾಡಿನ ಮಷೀನು ಮಾರಿಲ್ಲ, ಚಾಸಿಯ ಬ್ರಾಕೆಟ್ಟುಗಳು ಅದರದೇ ಪಾಲು. ಎಡಗಡೆಯ ನೆಲ ಮುಗಿದು ಪ್ರೈಮರ್ ಬಿದ್ದಿದೆ. ಬಲಗಡೆಯ ಮ್ಯಾಟನ್ನು ಇನ್ನೂ ಎತ್ತಿ ನೋಡಿಲ್ಲ.