ವರ್ಷಕ್ಕೆ 6,000 ರೂಪಾಯಿಯ ಷೇರು ವರದಿ: ಐದಕ್ಕೆ ಎರಡು ಸ್ಟಾರ್

ಹೆಸರು ಹೇಳುವುದಿಲ್ಲ. ಷೇರು ಸಲಹೆ ಕೊಡುವ ಒಂದು ಸಂಸ್ಥೆ. ವರ್ಷಕ್ಕೆ 6,000 ರೂಪಾಯಿ ಚಂದಾ, ತಿಂಗಳಿಗೊಂದು ವರದಿ. ಕನ್ನಡದಲ್ಲೂ ಬರುತ್ತದೆ ಅಂದಿದ್ದಕ್ಕೇ ನಾನು ಸೇರಿದ್ದು. ಕನ್ನಡ ಪರವಾಗಿಲ್ಲ. ಆದರೆ ‘ಮಾರ್ಜಿನ್ ಆಫ್ ಸೇಫ್ಟಿ’ಯನ್ನು (ನಿಜವಾದ ಬೆಲೆಗಿಂತ ಎಷ್ಟು ಕಡಿಮೆಗೆ ಕೊಳ್ಳುತ್ತೇವೆ ಅನ್ನುವ ಅಂತರ) ‘ಸುರಕ್ಷತೆಯ ಅಂಚು’ ಅಂತ ಬರೆದಿದ್ದಾರೆ. ಓದಿದರೆ ಬಾವಿಕಟ್ಟೆ ಮೇಲೆ ಕೂತ ಹಾಗಾಗುತ್ತದೆ.

ಜುಲೈ ತಿಂಗಳ ವರದಿ ನನ್ನ ಫೋನಿಗೆ ಇಳಿಯಲು ಎರಡು ದಿನ ಹಿಡಿಯಿತು. ಅದು ಅವರ ತಪ್ಪಲ್ಲ ಬಿಡಿ. ಮಳೆಗಾಲದಲ್ಲಿ ಕೊಡಗಿನಲ್ಲಿ ಎಲ್ಲೋ ಒಂದು ಮರ ಬಿದ್ದರೆ ಇನ್ನೆಲ್ಲೋ ಕರೆಂಟು ಹೋಗುತ್ತದೆ, ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ.

ವರದಿ 14 ಪುಟ, ವಿಷಯ ಒಂದೇ. ಒಂದು ತಾಮ್ರದ ಸ್ಮೆಲ್ಟರ್, ಅಂದರೆ ಅದಿರು ಕರಗಿಸಿ ತಾಮ್ರ ತೆಗೆಯುವ ಕಾರ್ಖಾನೆಯ ಕಂಪನಿ. ಇಂಥ ಕಾರ್ಖಾನೆಯನ್ನು ಇವತ್ತು ಹೊಸದಾಗಿ ಕಟ್ಟಲು 100 ರೂಪಾಯಿ ಬೇಕಾದರೆ, ಷೇರು ಪೇಟೆಯಲ್ಲಿ ಇಡೀ ಕಂಪನಿ 55 ರೂಪಾಯಿಗೆ ಸಿಗುತ್ತಿದೆ. ಆದ್ದರಿಂದ ಕೊಳ್ಳಿ. ಕಟ್ಟುವ ಖರ್ಚಿನ ಲೆಕ್ಕವನ್ನು ಚೆನ್ನಾಗಿ ಮಾಡಿದ್ದಾರೆ, ಒಂದು ಸ್ಟಾರ್ ಅದಕ್ಕೇ. ಗುಜರಾತಿನ ಮುಂದ್ರಾದಲ್ಲಿ ವರ್ಷಕ್ಕೆ 5 ಲಕ್ಷ ಟನ್‌ನ ಹೊಸ ತಾಮ್ರದ ಸ್ಮೆಲ್ಟರ್ 2024ರಲ್ಲಿ ಶುರುವಾಯಿತು. ಅದಕ್ಕೆ ಸುಮಾರು 120 ಕೋಟಿ ಡಾಲರ್ ಬಿದ್ದಿದೆ. ಅದನ್ನು ಇಟ್ಟುಕೊಂಡು ಟನ್ನಿಗೆ ಇಷ್ಟು ಅಂತ ಭಾಗಿಸಿದ್ದಾರೆ. ಗುಣಾಕಾರ, ಭಾಗಾಕಾರದಲ್ಲಿ ತಪ್ಪಿಲ್ಲ.

ನಾನೂ 40 ಷೇರು ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಯೋಚನೆ ಮಾಡಿದೆ. ತಪ್ಪು ನನ್ನದೇ. ಏಕೆಂದರೆ ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಅಂತ ನಾನು ಕಣ್ಣಾರೆ ನೋಡಿದವನು.

ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಬೆಳೆಗಾರರ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸಿಕೊಡುವ ಕಡೆ, 22 ವರ್ಷ ಲೆಕ್ಕ ಬರೆದೆ. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ‘ಪೂಲ್’ ಇದ್ದ ಕಾಲದಲ್ಲಿ ಬೆಳೆಗಾರರ ಕಾಫಿ ಕಾಫಿ ಬೋರ್ಡಿಗೇ ಹೋಗಬೇಕಿತ್ತು. ಅದಕ್ಕೆ ಮೊದಲು ನಮ್ಮಂಥವರ ಹತ್ತಿರ ಬರಬೇಕಿತ್ತು. ಮೂಟೆ ತಾನಾಗಿ ಬರುತ್ತಿತ್ತು, ಕೂಲಿ ತಾನಾಗಿ ಸಿಗುತ್ತಿತ್ತು. 1996ಕ್ಕೆ ಪೂಲ್ ಪೂರ್ತಿ ಹೋಯಿತು. ವ್ಯಾಪಾರಿಗಳು ತೋಟಕ್ಕೇ ಲಾರಿ ತಂದು ಚೆರಿ (ಒಣಗಿಸಿದ ಕಾಫಿ ಹಣ್ಣು) ಕೊಳ್ಳತೊಡಗಿದರು. ಅಲ್ಲಲ್ಲಿ ಸಿಪ್ಪೆ ತೆಗೆಯುವ ಸಣ್ಣ ಹಲ್ಲಿಂಗ್ ಮಿಲ್‌ಗಳೂ ಬಂದವು. ಕೊನೆಗೆ ನಮ್ಮ ಧಣಿಗಳು ಮಾರುವುದು ಅಂತ ತೀರ್ಮಾನಿಸಿದರು. ಮೈಸೂರಿನಿಂದ ಒಬ್ಬ ವ್ಯಾಲ್ಯುಯರ್ ಬಂದು ಎರಡು ದಿನ ಟೇಪು ಹಿಡಿದು ಅಳೆದ. ಒಣಗಿಸುವ ಕಣ, ಗೋದಾಮು, ಹಲ್ಲರ್, ಗ್ರೇಡರ್, ಲಾರಿ ತೂಗುವ ವೇಬ್ರಿಜ್. ಎಲ್ಲ ಸೇರಿ ದೊಡ್ಡ ಮೊತ್ತ ಬರೆದುಕೊಟ್ಟ. ಕೊಳ್ಳಲು ಬಂದವರು ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಕಣದ ಮೇಲೆ ಚಪ್ಪಲಿ ಉಜ್ಜುತ್ತಾ ನನ್ನನ್ನೇ ಕೇಳಿದರು: “ರೈಟರೇ, ಹೋದ ಸೀಸನ್ ಎಷ್ಟು ಮೂಟೆ ಬಂತು? ಮೂಟೆಗೆ ಏನು ಉಳೀತು?” ಹೇಳಿದೆ. ವ್ಯಾಲ್ಯುಯರ್ ಬರೆದಿದ್ದರ ಮೂರನೇ ಒಂದು ಭಾಗಕ್ಕೆ ವ್ಯಾಪಾರ ಕುದುರಿತು. ಅದೂ ಹೆಚ್ಚಾಗಿ ಜಾಗದ ಬೆಲೆ. ಹಲ್ಲರ್ ಗುಜರಿಗೆ ಹೋಯಿತು.

ತಾಮ್ರದ ಸ್ಮೆಲ್ಟರ್ ಕೂಡ ಒಂದು ಕ್ಯೂರಿಂಗ್ ವರ್ಕ್ಸೇ. ತಾಮ್ರ ಅದರದಲ್ಲ. ಗಣಿಯವರು ಕಾನ್ಸಂಟ್ರೇಟ್ ಅನ್ನುವ ಪುಡಿ ಕಳಿಸುತ್ತಾರೆ, ಅದರಲ್ಲಿ ಸಾಮಾನ್ಯವಾಗಿ 25ರಿಂದ 30 ಪರ್ಸೆಂಟ್ ತಾಮ್ರ ಇರುತ್ತದೆ. ಅದರ ಬೆಲೆಯನ್ನು ಗಣಿಯವರಿಗೆ ಕೊಡುವಾಗ ಸ್ಮೆಲ್ಟರ್ ಕರಗಿಸುವ, ಶುದ್ಧ ಮಾಡುವ ಕೂಲಿಯನ್ನು ಮುರಿದುಕೊಳ್ಳುತ್ತದೆ. ಜೊತೆಗೆ ಸಲ್ಫ್ಯೂರಿಕ್ ಆಸಿಡ್, ಒಂದಿಷ್ಟು ಚಿನ್ನ ಬೆಳ್ಳಿ. ನಮಗೆ ಕಾಫಿ ಹೊಟ್ಟು ಮಾರಿದ ದುಡ್ಡು ಬರುತ್ತಿತ್ತಲ್ಲ, ಹಾಗೆ. ಗಣಿಗಳ ಜೊತೆ ದೊಡ್ಡ ಸ್ಮೆಲ್ಟರ್‌ಗಳು ವರ್ಷಕ್ಕೊಮ್ಮೆ ಕೂಲಿ ಮಾತಾಡುತ್ತವೆ. 2024ಕ್ಕೆ ಕಾನ್ಸಂಟ್ರೇಟ್ ಟನ್ನಿಗೆ 80 ಡಾಲರ್ ಇತ್ತು. 2025ಕ್ಕೆ 21.25 ಡಾಲರ್. ವರ್ಷದ ಒಪ್ಪಂದವಿಲ್ಲದೆ ಆಗಿಂದಾಗ್ಗೆ ಕುದುರುವ ವ್ಯಾಪಾರದಲ್ಲಂತೂ ಕೂಲಿ ಸೊನ್ನೆಗಿಂತ ಕೆಳಗೆ ಹೋಯಿತು. ಅಂದರೆ ಕರಗಿಸಿಕೊಡುವವನೇ ಗಣಿಯವನಿಗೆ ಮೇಲೆ ದುಡ್ಡು ಕೊಡಬೇಕು! ಕಾರಣ ಸುಲಭ. ಚೀನಾದಲ್ಲಿ ಸ್ಮೆಲ್ಟರ್‌ಗಳ ಮೇಲೆ ಸ್ಮೆಲ್ಟರ್ ಎದ್ದವು, ಗಣಿಗಳು ಅಷ್ಟು ಬೇಗ ಏಳಲಿಲ್ಲ. 2023ರ ಕೊನೆಗೆ ಪನಾಮಾದ ಒಂದು ದೊಡ್ಡ ಗಣಿಯೇ ನಿಂತುಹೋಯಿತು. ಮಿಲ್ ಜಾಸ್ತಿ, ಮೂಟೆ ಕಡಿಮೆ.

ವರದಿಯಲ್ಲಿ ಇದು ಎಲ್ಲೂ ಇಲ್ಲ. ಬದಲಿಗೆ 9ನೇ ಪುಟದಲ್ಲಿ ತಾಮ್ರದ ಬೆಲೆ ಮೇಲೇರುವ ಗ್ರಾಫ್, ಕೆಂಪು ಬಾಣ. 2024ರ ಮೇ ತಿಂಗಳಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ಮುಟ್ಟಿದ್ದು ನಿಜ. ಅದೇ ವರ್ಷ ನಮ್ಮಲ್ಲಿ ರೊಬಸ್ಟಾ ಚೆರಿ 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿತು. ಹಲ್ಲಿಂಗ್ ಮಿಲ್‌ನವರು ಅದರಿಂದ ಶ್ರೀಮಂತರಾದರಾ? ಲಾಭ ತೋಟದವರಿಗೆ ಹೋಯಿತು. ತಾಮ್ರದಲ್ಲೂ ಗಣಿಯವರಿಗೇ ಹೋಯಿತು.

ಅಲ್ಯೂಮಿನಿಯಂ ಆಗಿದ್ದರೆ ಕೂಲಿಯ ಜಾಗದಲ್ಲಿ ಕರೆಂಟು ಕೂರುತ್ತದೆ. ಒಂದು ಕಿಲೋಗೆ ಸುಮಾರು 14 ಯೂನಿಟ್ ಬೇಕು. ಯೂನಿಟ್ಟಿಗೆ ಒಂದು ರೂಪಾಯಿ ಜಾಸ್ತಿಯಾದರೆ ಟನ್ನಿಗೆ 14,000 ರೂಪಾಯಿ ಹೋಯಿತು. ನಾಲ್ಕೈದು ಗಂಟೆ ಕರೆಂಟು ನಿಂತರೆ ಪಾಟ್‌ಗಳ (ಕರಗಿಸುವ ತೊಟ್ಟಿಗಳ) ಒಳಗೆ ಲೋಹ ಹೆಪ್ಪುಗಟ್ಟುತ್ತದೆ. (ನಮ್ಮ ಕೊಡಗಿನಲ್ಲಿ ಒಂದನ್ನು ಇಟ್ಟಿದ್ದರೆ ಮೊದಲ ಜೂನಿಗೇ ಮುಗಿಯುತ್ತಿತ್ತು.) ಬೆಳಗಾವಿಯಲ್ಲೂ ಹಿಂದೆ ಅಲ್ಯೂಮಿನಿಯಂ ಕರಗಿಸುತ್ತಿದ್ದರು. ಅದು ನಿಂತಿತು. ಅಲ್ಲಿ ಉಳಿದದ್ದು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ತೆಗೆಯಲು ಬೇಕಾದ ಪುಡಿಯನ್ನು ತಯಾರಿಸುವ ಕೆಲಸ.

ಸಹಾಯವಾಣಿಗೆ ಫೋನ್ ಮಾಡಿದೆ. ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು.

“ಸರ್, ಹೊಸದು ಕಟ್ಟೋಕೆ ಅಷ್ಟು ಬೇಕು ಅಂದ್ಮೇಲೆ, ಹಳೇದರ ಬೆಲೆ ಅಲ್ಲಿಗೆ ಬರಲೇಬೇಕಲ್ವಾ?”

“ಹೊಸದು ಬೇಕು ಅನ್ನೋರು ಇದ್ರೆ ಬರುತ್ತಮ್ಮ,” ಅಂದೆ. “ಈಗಿರೋದೇ ಜಾಸ್ತಿ ಆಗಿರುವಾಗ ಯಾಕೆ ಬರುತ್ತೆ?”

“ಇದು ಲಾಂಗ್ ಟರ್ಮ್ ಸರ್.”

ಎಷ್ಟು ಲಾಂಗು? ಅದೇ ಇರುವ ಪ್ರಶ್ನೆ. ಜಾಸ್ತಿ ಇರುವ ಸ್ಮೆಲ್ಟರ್‌ಗಳಲ್ಲಿ ಕೆಲವು ಮುಚ್ಚಿದರೆ ಉಳಿದವರ ಕೂಲಿ ಏರುತ್ತದೆ. ಆದರೆ ಸ್ಮೆಲ್ಟರ್ ಮುಚ್ಚಲೂ ದುಡ್ಡು ಬೇಕು. ಕಾರ್ಮಿಕರ ಲೆಕ್ಕ ಚುಕ್ತಾ ಮಾಡಬೇಕು, ಜಾಗ ಶುದ್ಧ ಮಾಡಬೇಕು. ಹಾಗಾಗಿ ಕರಗಿಸುವ ಖರ್ಚಾದರೂ ಗಿಟ್ಟುತ್ತಿರುವ ತನಕ ಯಾರೂ ಬಾಗಿಲು ಹಾಕುವುದಿಲ್ಲ, ವರ್ಷಗಟ್ಟಲೆ ಎಳೆಯುತ್ತಾರೆ. ಇನ್ನು ಕೆಲವು ಸಲ ಮುಚ್ಚುವುದು ಧಣಿಯ ಕೈಯಲ್ಲೇ ಇರುವುದಿಲ್ಲ. ತೂತ್ತುಕುಡಿಯಲ್ಲಿ ವರ್ಷಕ್ಕೆ 4 ಲಕ್ಷ ಟನ್‌ನ ತಾಮ್ರದ ಸ್ಮೆಲ್ಟರ್ 2018ರಲ್ಲಿ ಮುಚ್ಚಿತು. ತೆರೆಯಲು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಅದನ್ನು ಹೊಸದಾಗಿ ಕಟ್ಟಲು ಎಷ್ಟು ಬೇಕು ಅಂತ ಟೇಪು ಹಿಡಿದು ಅಳೆದು ಏನು ಮಾಡುವುದು?

ಎರಡನೇ ಸ್ಟಾರ್ ಯಾಕೆ ಅಂದರೆ, ಆಗಸ್ಟ್‌ನ ವರದಿಯಲ್ಲಿ ‘ಓದುಗರ ಪ್ರಶ್ನೆ’ ಅಂತ ನನ್ನ ಮಾತನ್ನು ಹೆಸರಿಲ್ಲದೆ ಹಾಕಿ, ಕೂಲಿಯ ಅಂಕಿಗಳನ್ನು ಪುಟದಲ್ಲಿ ಒಂದು ಚಿಕ್ಕ ಚೌಕಟ್ಟು ಹಾಕಿ ಕೊಟ್ಟಿದ್ದರು. ಷೇರು ಮಾರಿಲ್ಲ. ನಾಲ್ಕು ಸ್ಮೆಲ್ಟರ್ ಮುಚ್ಚಿದ ಸುದ್ದಿ ಬಂದರೆ ನೋಡೋಣ ಅಂತ ಇಟ್ಟುಕೊಂಡಿದ್ದೇನೆ.

ಚಂದಾ ಮುಂದುವರಿಸಲಿಲ್ಲ. ಸೇರುವವರಿಗೆ ಒಂದು ಮಾತು: ಆಟೋ ಪೇ ನಿಲ್ಲಿಸಲು ಅವರ ಆ್ಯಪ್‌ನಲ್ಲಿ ಜಾಗವೇ ಸಿಗುವುದಿಲ್ಲ. ನಾನು ಬ್ಯಾಂಕಿಗೆ ಹೋಗಿ ಬರೆದುಕೊಟ್ಟು ಬಂದೆ.