ಅಡ್ಮಿನ್ ಪಾಸ್‌ವರ್ಡ್ ಯಾರ ಕೈಯಲ್ಲಿದೆ? ಇವತ್ತೇ ನೋಡಿಕೊಳ್ಳಿ

ನಮ್ಮದು ಒಂಬತ್ತು ಜನರ ಸಣ್ಣ ಸಂಸ್ಥೆ. ಮೇಲ್, ಕಡತ, ಲೆಕ್ಕದ ಶೀಟು ಎಲ್ಲವನ್ನೂ ಕ್ಲೌಡ್‌ಗೆ ಹಾಕುವ ಮುಂಚೆ ವಾರಗಟ್ಟಲೆ ಹೋಲಿಸಿ ನೋಡಿದ್ದು ಎರಡೇ: ಒಬ್ಬರಿಗೆ ತಿಂಗಳಿಗೆ ಎಷ್ಟು ದುಡ್ಡು, ಎಷ್ಟು ಜಿಬಿ ಜಾಗ. ಉಳಿದದ್ದನ್ನೆಲ್ಲ ಹೊಂದಿಸಿಕೊಡಲು ಒಬ್ಬ ಮರುಮಾರಾಟಗಾರರಿಗೆ ಒಪ್ಪಿಸಿದೆವು. ಡೊಮೈನ್ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಸಂಸ್ಥೆಯ ಹೆಸರು) ಕೊಂಡವರೂ ಅವರೇ, ಅಡ್ಮಿನ್ ಖಾತೆ (ಎಲ್ಲರ ಖಾತೆಗಳನ್ನೂ ನಿಭಾಯಿಸುವ ಮುಖ್ಯ ಖಾತೆ) ತೆರೆದವರೂ ಅವರೇ.

ಎರಡು ವರ್ಷದ ಮೇಲೆ ಲೆಕ್ಕ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು. ಬಳಸದ ಖಾತೆಗೆ ದುಡ್ಡು ಯಾಕೆ ಕಟ್ಟಬೇಕು ಅಂತ ನಾನೇ ಅದನ್ನು ಅಳಿಸಲು ಹೇಳಿದೆ. ಕಡತಗಳನ್ನು ಬೇರೆಯವರ ಹೆಸರಿಗೆ ಮಾಡಬೇಕಾ ಎಂದು ಮಾರಾಟಗಾರರು ಕೇಳಲಿಲ್ಲ, ಮಾಡಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ. ನಾವೆಲ್ಲ ದಿನಾ ಬಳಸುತ್ತಿದ್ದ ಇನ್‌ವಾಯ್ಸ್, ಕೊಟೇಶನ್ ಫೋಲ್ಡರ್ ನಮ್ಮೊಂದಿಗೆ ಹಂಚಿಕೊಂಡದ್ದು ಮಾತ್ರ. ಒಡೆತನ ಆ ಖಾತೆಯದು, ಖಾತೆ ಹೋದರೆ ಅದರ ಕಡತಗಳೂ ಹೋಗುತ್ತವೆ.

ಅಳಿಸಿದ ಖಾತೆಯನ್ನು ಮರಳಿ ಪಡೆಯಲು ಗಡುವಿರುತ್ತದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 20 ದಿನ, ಮೈಕ್ರೋಸಾಫ್ಟ್ 365ರಲ್ಲಿ 30 ದಿನ. ಕೆಲಸ ಬಿಟ್ಟವರೇ ಫೋನ್ ಮಾಡಿ, "ಸರ್, ಆ ಫೋಲ್ಡರ್ ನಿಮ್ಮ ಹೆಸರಿಗೆ ಮಾಡಿಕೊಂಡ್ರಾ?" ಅಂತ ಕೇಳಿದಾಗ ಗಡುವು ಮುಗಿಯಲು ಇನ್ನೂ ಆರು ದಿನ ಇತ್ತು. ಅಡ್ಮಿನ್ ಆಗಿ ಒಳಗೆ ಹೋದರೆ ನಾಲ್ಕೈದು ಕ್ಲಿಕ್ಕಿನ ಕೆಲಸ. ಪಾಸ್‌ವರ್ಡ್ ನಮ್ಮಲ್ಲಿರಲಿಲ್ಲ. ಮಾರಾಟಗಾರರು ಫೋನ್ ಎತ್ತಲಿಲ್ಲ. ಸೇವೆ ಕೊಡುವ ಕಂಪನಿಯ ಸಹಾಯವಾಣಿಗೆ ಹೋದರೆ, ಡೊಮೈನ್ ನಿಮ್ಮದೇ ಎಂದು ತೋರಿಸಲು ಡಿಎನ್‌ಎಸ್‌ನಲ್ಲಿ (ಆ ಡೊಮೈನಿನ ಮೇಲ್, ವೆಬ್‌ಸೈಟ್ ಎಲ್ಲಿವೆ ಎಂದು ಹೇಳುವ ಪಟ್ಟಿ) ಒಂದು ದಾಖಲೆ ಸೇರಿಸಿ ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ಇಲ್ಲದಿದ್ದರೆ ಯಾರು ಬೇಕಾದರೂ ಯಾರ ಖಾತೆಗಾದರೂ ಕೈ ಹಾಕಬಹುದು. ಆದರೆ ಆ ಡಿಎನ್‌ಎಸ್‌ನ ಕೀಲಿಯೂ ಅದೇ ಮಾರಾಟಗಾರರ ಕೈಲಿತ್ತು. ಏಳನೆಯ ದಿನ ಅವರು ವಾಪಸ್ ಕರೆ ಮಾಡಿದರು.

ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದೇ ಇದೆ ಎಂದು ಧೈರ್ಯವಾಗಿದ್ದೆ. ತೆರೆದು ನೋಡಿದರೆ ಬ್ರೌಸರಿನಲ್ಲಿ ತಯಾರಿಸಿದ್ದ ಶೀಟುಗಳೆಲ್ಲ ಬರೀ ಕೊಂಡಿಗಳು, ಒಳಗೆ ಒಂದು ಸಾಲೂ ಇಲ್ಲ. ಗ್ರಾಹಕರಿಗೆ ಮೇಲ್‌ನಲ್ಲಿ ಕಳಿಸಿದ್ದ ಪಿಡಿಎಫ್‌ಗಳನ್ನು ಹುಡುಕಿ ಹುಡುಕಿ ಎರಡು ತಿಂಗಳು ಲೆಕ್ಕ ಮತ್ತೆ ಬರೆದೆವು. ಬಾಕಿ ವಸೂಲಿಯ ಟಿಪ್ಪಣಿಗಳು ಹೋದದ್ದು ಹೋದವೇ.

ದಯವಿಟ್ಟು ಡೊಮೈನನ್ನು ನಿಮ್ಮ ಹೆಸರಿನಲ್ಲೇ, ನಿಮ್ಮ ಸ್ವಂತ ಮೇಲ್ ವಿಳಾಸ ಕೊಟ್ಟು ನೋಂದಾಯಿಸಿ. ಆ ಮೇಲ್ ಅದೇ ಡೊಮೈನಿನದಾಗಿರಬಾರದು. ಅಡ್ಮಿನ್ ಹಕ್ಕು ಸಂಸ್ಥೆಯೊಳಗಿನ ಇಬ್ಬರಿಗಿರಲಿ. ವ್ಯವಹಾರದ ಕಡತ ಒಬ್ಬರ ಖಾತೆಯಲ್ಲಿರದೆ ಸಂಸ್ಥೆಯ ಒಡೆತನದ ಜಾಗದಲ್ಲಿ, ಅಂದರೆ ಗೂಗಲ್‌ನ ಶೇರ್ಡ್ ಡ್ರೈವ್ ಅಥವಾ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿರಲಿ. ನೀವು ಕೊಳ್ಳುವ ಯೋಜನೆಯಲ್ಲಿ ಅದು ಸಿಗುತ್ತದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ. ಯಾರಾದರೂ ಬಿಟ್ಟು ಹೋದರೆ ಮೊದಲು ಪಾಸ್‌ವರ್ಡ್ ಬದಲಿಸಿ, ಕಡತಗಳ ಒಡೆತನ ವರ್ಗಾಯಿಸಿ, ಅಳಿಸುವುದು ಆಮೇಲೆ. ಒಂದು ತಿಂಗಳ ಶುಲ್ಕ ಹೆಚ್ಚಿಗೆ ಹೋದರೆ ಹೋಗಲಿ. ಮತ್ತೆ, ತಿಂಗಳಿಗೊಮ್ಮೆ ಎಲ್ಲವನ್ನೂ ಎಕ್ಸೆಲ್, ವರ್ಡ್ ರೂಪದಲ್ಲಿ ಇಳಿಸಿ ಬೇರೆ ಡಿಸ್ಕಿನಲ್ಲಿಡಿ. ಇಳಿಸಿದ್ದನ್ನು ಒಮ್ಮೆ ತೆರೆದೂ ನೋಡಿ.

ಅಡ್ಮಿನ್ ಖಾತೆ ಈಗ ನಮ್ಮ ಕೈಗೆ ಬಂದಿದೆ. ಡೊಮೈನ್ ಇನ್ನೂ ಬಂದಿಲ್ಲ, ವರ್ಗಾವಣೆಯ ಕೋಡ್‌ಗಾಗಿ ಕಾಯುತ್ತಿದ್ದೇವೆ.