ಅಭಿಷಿಕ್ತನನ್ನು ಪ್ರಶ್ನಿಸಬಾರದು ಎನ್ನುವವರಿಂದ ದೂರವಿರಿ

ಔಷಧಿ ನಿಲ್ಲಿಸು, ಅದೇ ನಿನ್ನ ನಂಬಿಕೆಗೆ ಸಾಕ್ಷಿ ಎಂದು ಯಾವುದೇ ಬೋಧಕ ಹೇಳಿದರೆ ಆ ಕ್ಷಣವೇ ಅಲ್ಲಿಂದ ಎದ್ದು ಬನ್ನಿ. ಆತ ಎಷ್ಟೇ ಕಣ್ಣೀರಿಟ್ಟು ಪ್ರಾರ್ಥಿಸಲಿ, ಎಷ್ಟೇ ವಾಕ್ಯಗಳನ್ನು ಬಾಯಿಪಾಠ ಒಪ್ಪಿಸಲಿ. ಈ ಮಾತನ್ನು ನಂಬಿದ ನನ್ನ ಅಕ್ಕ ಸಾವಿನ ದವಡೆಯಿಂದ ಪಾರಾಗಿ ಬಂದಿದ್ದಾಳೆ. ಮತ್ತೊಂದು ಮನೆಗೆ ಈ ಗತಿ ಬಾರದಿರಲಿ ಎಂದೇ ಬರೆಯುತ್ತಿದ್ದೇನೆ.

ಅಕ್ಕನಿಗೆ ಹಾಗೆ ಹೇಳಿದ ಬೋಧಕ ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದ ಹೊಸದರಲ್ಲಿ ಸಂಶಯಪಡುವಂಥದ್ದೇನೂ ಇರಲಿಲ್ಲ. ಮೃದು ಮಾತು, ಒಳ್ಳೆಯ ಕಂಠ, ಎಲ್ಲರ ಕಷ್ಟಸುಖ ವಿಚಾರಿಸುವ ಗುಣ. ಆಮೇಲಾಮೇಲೆ ‘ದೇವರು ನನಗೆ ತೋರಿಸಿದರು’ ಎಂಬ ಮಾತು ಹೆಚ್ಚಿತು, ಸತ್ಯವೇದ (ಬೈಬಲ್) ತೆರೆಯುವುದು ಕಡಿಮೆಯಾಯಿತು. ಮನೆಮನೆಗೆ ಬಂದು ಒಬ್ಬೊಬ್ಬರಿಗೂ ಗುಟ್ಟಾಗಿ ಪ್ರವಾದನೆ ಹೇಳುತ್ತಿದ್ದ. ಅದರ ಬೆನ್ನಿಗೇ ‘ನಂಬಿಕೆಯ ಬೀಜ’ ಎಂಬ ಹೆಸರಿನ ಕಾಣಿಕೆ. ಹಣ ನೇರ ಆತನ ಕೈಗೆ ಹೋಗುತ್ತಿತ್ತು, ಲೆಕ್ಕ ಯಾರಲ್ಲೂ ಇರಲಿಲ್ಲ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣದ ವಿಷಯದಲ್ಲಿ ಯೇಸುವಿನ ಅಪೊಸ್ತಲನಾದ ಪೌಲನು ಹೇಗೆ ನಡೆದುಕೊಂಡನೆಂದು ಅವನ ಪತ್ರವಾದ 2 ಕೊರಿಂಥದ 8ನೇ ಅಧ್ಯಾಯದಲ್ಲಿ ಓದಿ. ಯಾರೂ ತಪ್ಪು ಹೊರಿಸಬಾರದೆಂದು, ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡ. ಅಪೊಸ್ತಲನಿಗೇ ಬೇಕೆನಿಸಿದ ಆ ಎಚ್ಚರಿಕೆ ಈ ಬೋಧಕನಿಗೆ ಅವಮಾನವೆನಿಸಿತು.

ಅಕ್ಕನಿಗೆ ಟೈಪ್ 1 ಮಧುಮೇಹ. ಅವಳ ದೇಹ ಇನ್ಸುಲಿನ್ ತಯಾರಿಸುವುದಿಲ್ಲ, ಚುಚ್ಚುಮದ್ದು ತಪ್ಪಿದರೆ ರಕ್ತದಲ್ಲಿ ಆಮ್ಲ ಹೆಚ್ಚತೊಡಗುತ್ತದೆ. ‘ನೀನು ಆಗಲೇ ಗುಣವಾಗಿದ್ದೀಯ, ಇನ್ನು ಸೂಜಿ ಚುಚ್ಚಿಕೊಂಡರೆ ದೇವರನ್ನು ಸುಳ್ಳುಗಾರ ಎಂದಂತೆ’ ಎಂದು ಆತ ಅವಳಿಗೆ ಹೇಳಿದ್ದ. ಅವಳು ಚುಚ್ಚುಮದ್ದು ಬಿಟ್ಟದ್ದು ನನಗೆ ತಿಳಿದದ್ದೇ ಕೂಟದಲ್ಲಿ, ಆತ ಅದನ್ನು ಸಾಕ್ಷಿಯೆಂದು ಹೆಮ್ಮೆಯಿಂದ ಸಾರಿದಾಗ. ನಾನು ಎದ್ದು ನಿಂತು ಕೇಳಿದೆ: ತನ್ನ ಜೊತೆಗೆಲಸದವನಾದ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ಬರೆಯಲಿಲ್ಲವೇ? ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ರೋಗಿಯಾಗಿಯೇ ಬಿಟ್ಟು ಬರಲಿಲ್ಲವೇ? ಲೂಕನನ್ನು ಪ್ರಿಯ ವೈದ್ಯನೆಂದು ಕರೆಯಲಿಲ್ಲವೇ? ಇವರಲ್ಲಿ ಯಾರಿಗೆ ನಂಬಿಕೆ ಸಾಲದಾಗಿತ್ತು?

ಉತ್ತರ ಬರಲಿಲ್ಲ. ‘ದೇವರ ಅಭಿಷಿಕ್ತನನ್ನು ಮುಟ್ಟಬೇಡ, ಶಾಪ ತಟ್ಟುತ್ತದೆ’ ಎಂಬ ಬೆದರಿಕೆ ಬಂತು. ಅಭಿಷಿಕ್ತ ಎಂದರೆ ದೇವರೇ ಆರಿಸಿ ನೇಮಿಸಿದವನು; ಅದು ತಾನೇ ಎಂಬುದು ಆತನ ಮಾತಿನ ಅರ್ಥ. ಇಡೀ ಕೂಟ ತಲೆ ತಗ್ಗಿಸಿತು. ಕ್ಷಮೆ ಕೇಳು ಎಂದು ಅಕ್ಕನೇ ಅತ್ತಳು. ಮರುದಿನ ವಾಂತಿ, ಏದುಸಿರು, ಆಮೇಲೆ ಪ್ರಜ್ಞೆಯಿಲ್ಲ. ತೀವ್ರ ನಿಗಾ ಘಟಕದಲ್ಲಿ ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, ‘ನಾನು ಪಾಪ ಮಾಡಿದೆನೇ?’ ಎಂದು. ಆತನಾದರೋ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಮನೆಯವರ ಅಪನಂಬಿಕೆಯೇ ಕಾರಣ ಎಂದು ಹೇಳಿ ಕಳುಹಿಸಿದ.

ಆ ಬೆದರಿಕೆಯ ವಾಕ್ಯವನ್ನು ದಯವಿಟ್ಟು ನೀವೇ ತೆರೆದು ಓದಿ. ಕೀರ್ತನೆ 105ರಲ್ಲಿ ಅದು ಅಬ್ರಹಾಮ, ಇಸಾಕ, ಯಾಕೋಬರ ಕುರಿತದ್ದು. ಸ್ವಲ್ಪವೇ ಜನರಾಗಿ ಪರದೇಶದಲ್ಲಿ ಅಲೆಯುತ್ತಿದ್ದವರಿಗೆ ಕೇಡು ಮಾಡಬೇಡಿರೆಂದು ಅರಸರಿಗೆ ಕೊಟ್ಟ ಎಚ್ಚರಿಕೆ ಅದು. ದಾವೀದನು ತನ್ನನ್ನು ಬೆನ್ನಟ್ಟುತ್ತಿದ್ದ ಅಭಿಷಿಕ್ತ ಅರಸ ಸೌಲನ ಮೇಲೆ ಕೈಯೆತ್ತಲಿಲ್ಲ, ನಿಜ. ಆದರೆ ತಾನು ಅವಿತಿದ್ದ ಗವಿಯಿಂದ ಹೊರಬಂದು ಅವನ ಅನ್ಯಾಯವನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ. ಅದೇ ದಾವೀದನು ಅಭಿಷಿಕ್ತ ಅರಸನಾಗಿದ್ದಾಗ ಪ್ರವಾದಿ ನಾತಾನನು ಅವನ ಪಾಪವನ್ನು ಎತ್ತಿ ತೋರಿಸಿ ‘ಆ ಮನುಷ್ಯನು ನೀನೇ’ ಎಂದ. ಅಂತಿಯೋಕ್ಯದಲ್ಲಿ ಪೌಲನು ಅಪೊಸ್ತಲನಾದ ಪೇತ್ರನನ್ನೇ ಮುಖಾಮುಖಿ ಎದುರಿಸಿದ. ಬೆರೋಯ ಪಟ್ಟಣದವರು ಪೌಲನ ಬೋಧನೆಯನ್ನೇ ಪ್ರತಿದಿನ ಶಾಸ್ತ್ರಗಳೊಂದಿಗೆ ಹೋಲಿಸಿ ನೋಡಿದರು, ಲೂಕನು ಅವರನ್ನು ಮೆಚ್ಚಿ ಬರೆದ. ಪರೀಕ್ಷೆಗೆ ಅಂಜುವ ಬೋಧಕನನ್ನು ಹೊಗಳಿದ ಒಂದು ಸಾಲೂ ನನಗೆ ಕಂಡಿಲ್ಲ.

‘ಆದರೆ ಆತ ಹೇಳಿದ್ದು ನಡೆಯಿತಲ್ಲ’ ಎಂದು ಈಗಲೂ ಕೆಲವರು ವಾದಿಸುತ್ತಾರೆ. ಅವರು ಧರ್ಮೋಪದೇಶಕಾಂಡದ 13ನೇ ಅಧ್ಯಾಯ ಓದಬೇಕು. ಮುಂತಿಳಿಸಿದ ಅದ್ಭುತ ನಡೆದರೂ, ಅನ್ಯದೇವರುಗಳ ಕಡೆಗೆ ಸೆಳೆಯುವ ಪ್ರವಾದಿಗೆ ಕಿವಿಗೊಡಬಾರದೆಂದು ಅಲ್ಲಿ ಸ್ಪಷ್ಟವಾಗಿದೆ. ಯೇಸು ಸಹ ಫಲದಿಂದ ಗುರುತಿಸಿರಿ ಎಂದರು. ಆತನ ಫಲ ನಮ್ಮ ಕಣ್ಣ ಮುಂದೆಯೇ ಇತ್ತು: ಭಯ, ಸಾಲ, ಒಡೆದ ಮನೆಗಳು.

ಸಭೆಯ ಹಿರಿಯರ ಬಳಿಗೆ ನಾವು ಮೂವರು ಒಟ್ಟಾಗಿ ಹೋದೆವು. ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳಿರಬೇಕೆಂದು 1 ತಿಮೊಥೆ 5 ಹೇಳುತ್ತದೆ. ಯಾರಿಗೆ, ಯಾವಾಗ, ಏನು ಹೇಳಿದ ಎಂಬುದನ್ನು ಬರೆದುಕೊಂಡು ಹೋಗಿದ್ದರಿಂದ ಗಾಳಿಮಾತೆಂದು ತಳ್ಳಿಹಾಕಲು ಆಗಲಿಲ್ಲ. ಲೆಕ್ಕ ಕೇಳಿದ ಮೇಲೆ ಆತ ಕೆಲವು ಕುಟುಂಬಗಳನ್ನು ಕರೆದುಕೊಂಡು ಹೊರಟುಹೋದ. ಈಗ ಬೇರೆಲ್ಲೋ ಬೋಧಿಸುತ್ತಿದ್ದಾನೆ.

ನಿಮ್ಮವರು ಇಂಥವರ ಹಿಡಿತದಲ್ಲಿದ್ದರೆ ಅವರ ನಂಬಿಕೆಯನ್ನು ಹೀಯಾಳಿಸಬೇಡಿ, ಮಾತು ಬಿಡಬೇಡಿ. ಮನೆಯವರೇ ಶತ್ರುಗಳೆಂದು ಅವರಿಗೆ ಮೊದಲೇ ಕಲಿಸಿರುತ್ತಾರೆ, ನಿಮ್ಮ ಕೋಪ ಅದನ್ನೇ ದೃಢಪಡಿಸುತ್ತದೆ. ಔಷಧಿ ನಿಲ್ಲಿಸಿದ್ದಾರೆಂದು ಗೊತ್ತಾದರೆ ಮಾತ್ರ ವಾಕ್ಯಗಳ ಚರ್ಚೆಯನ್ನು ಬದಿಗಿಟ್ಟು ಅಂದೇ ಅವರ ವೈದ್ಯರಿಗೆ ತಿಳಿಸಿ. ಇನ್ಸುಲಿನ್ ಬಿಟ್ಟವರಲ್ಲಿ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.